‘ನಂಬಿದರೆ ಸಾಕು’ ಅನ್ನುವುದು ಅಗ್ಗದ ಮಾತಲ್ಲ

ಸಂಪಾದಕರಿಗೆ,

ಮಾನ್ಯರೇ,

ಹೋದ ಭಾನುವಾರ ನಿಮ್ಮ ಪತ್ರಿಕೆಯ ಪುರವಣಿಯಲ್ಲಿ ಪಾಪ ಪುಣ್ಯಗಳ ಬಗ್ಗೆ ಯಾವ ಧರ್ಮ ಏನು ಹೇಳುತ್ತದೆ ಅನ್ನುವ ಲೇಖನ ಬಂದಿತ್ತು. ಎರಡು ಸಲ ಓದಿದೆ. ಬರೆದವರಿಗೆ ಯಾರನ್ನೂ ನೋಯಿಸುವ ಉದ್ದೇಶ ಇರಲಿಲ್ಲ, ಅದು ಓದಿದರೆ ಗೊತ್ತಾಗುತ್ತದೆ. ಆದರೆ ನಮ್ಮ ಬಗ್ಗೆ, ಅಂದರೆ ಪ್ರೊಟೆಸ್ಟೆಂಟ್ ಕ್ರೈಸ್ತರ ಬಗ್ಗೆ, ಅವರು ಬರೆದ ಒಂದು ಮಾತು ನನ್ನನ್ನು ಸುಮ್ಮನೆ ಕೂರಲು ಬಿಡಲಿಲ್ಲ. ಏನು ತಪ್ಪು ಮಾಡಿದರೂ ಪರವಾಗಿಲ್ಲ, ಯೇಸುವನ್ನು ನಂಬಿದರೆ ಸಾಕು, ಸ್ವರ್ಗ ಸಿಕ್ಕಿಬಿಡುತ್ತದೆ ಎಂದು ಇವರು ಹೇಳುತ್ತಾರೆ ಅಂತ ಬರೆದಿದ್ದಾರೆ. ಅದಕ್ಕೆ ಆಧಾರವಾಗಿ ಬೈಬಲಿನಲ್ಲಿ ಎಫೆಸದವರಿಗೆ ಬರೆದ ಪತ್ರಿಕೆಯ (ಅಂದರೆ ಪತ್ರದ) 2ನೇ ಅಧ್ಯಾಯದ 8 ಮತ್ತು 9ನೇ ವಚನಗಳನ್ನು ಕೊಟ್ಟಿದ್ದಾರೆ.

ನಾನು ದೇವಶಾಸ್ತ್ರ ಓದಿದವನಲ್ಲ. ಕೋಲಾರದ ಎ.ಪಿ.ಎಂ.ಸಿ. ಯಾರ್ಡಿನ ಒಂದು ಟೊಮೆಟೊ ಮಂಡಿಯಲ್ಲಿ 27 ವರ್ಷ ರೈಟರ್ ಆಗಿದ್ದೆ. ಈಗ ಮನೆಯಲ್ಲಿದ್ದೇನೆ. ಹುಟ್ಟಿನಿಂದ ಮೆಥೋಡಿಸ್ಟ್ ಸಭೆಯವನು, ಅದು ಪ್ರೊಟೆಸ್ಟೆಂಟರ ಒಂದು ಪಂಗಡ. ನಮ್ಮ ತಾಯಿ ನನ್ನನ್ನು ಹೆತ್ತದ್ದು ಇಲ್ಲಿನ ಇ.ಟಿ.ಸಿ.ಎಂ. ಆಸ್ಪತ್ರೆಯಲ್ಲಿ. 1910ರಲ್ಲಿ ನಮ್ಮ ಮಿಷನ್‌ನವರು ಶುರು ಮಾಡಿದ ಆಸ್ಪತ್ರೆ ಅದು. ಹಾಗಾಗಿ ‘ನಂಬಿಕೆ’, ‘ಕೃಪೆ’, ‘ರಕ್ಷಣೆ’ ಅನ್ನುವ ಮಾತುಗಳು ಚಿಕ್ಕಂದಿನಿಂದ ಕಿವಿಗೆ ಬಿದ್ದಿವೆ. ಅವುಗಳ ಅರ್ಥ ಮಾತ್ರ ನನಗೆ ತಿಳಿದದ್ದು ತುಂಬಾ ತಡವಾಗಿ. ತಿಳಿದದ್ದು ಚರ್ಚಿನಲ್ಲಿ ಅನ್ನುವುದಕ್ಕಿಂತ ಲೆಕ್ಕದ ಪುಸ್ತಕದ ಮುಂದೆ ಅನ್ನುವುದೇ ಸರಿ. ಅದನ್ನು ಹೇಳಬೇಕೆಂದರೆ ನಾನು ಮಾಡಿದ ಒಂದು ತಪ್ಪನ್ನೂ ಹೇಳಬೇಕು. ಹೇಳುತ್ತೇನೆ.

ಮಂಡಿಯ ಕೆಲಸ ಗೊತ್ತಿಲ್ಲದವರಿಗೆ ಸ್ವಲ್ಪ ವಿವರ. ರೈತ ಟೆಂಪೋದಲ್ಲಿ ಮಾಲು ತರುತ್ತಾನೆ. ಒಂದೊಂದು ಬಾಕ್ಸಿನಲ್ಲಿ 15 ಕೆ.ಜಿ. ಹಣ್ಣು. ಹಮಾಲರು ಇಳಿಸಿ ಸಾಲಾಗಿ ಜೋಡಿಸುತ್ತಾರೆ. ರೈಟರ್ ಎಣಿಸಿ ಪುಸ್ತಕದಲ್ಲಿ ಬರೆಯುತ್ತಾನೆ. ಹರಾಜಾದ ಮೇಲೆ ರೇಟು ಹಾಕಿ, ರೈತನಿಗೆ ಪಟ್ಟಿ ಕೊಡುತ್ತಾನೆ. ರೈತ ಆ ಚೀಟಿ ಹಿಡಿದುಕೊಂಡು ಹೋಗಿ ದುಡ್ಡು ತಗೊಳ್ಳುತ್ತಾನೆ. ಅಂದರೆ ಆತನ ನಾಲ್ಕು ತಿಂಗಳ ಬೆವರು ರೈಟರ್ ಬರೆಯುವ ಒಂದು ಅಂಕಿಯ ಮೇಲೆ ನಿಂತಿರುತ್ತದೆ.

2007ರ ಬೇಸಿಗೆಯಲ್ಲಿ ಶ್ರೀನಿವಾಸಪುರದ ಕಡೆಯ ಒಬ್ಬ ರೈತರ ಮಾಲು 62 ಬಾಕ್ಸ್ ಇಳಿಯಿತು. ನಾನು 56 ಅಂತ ಬರೆದೆ. ಉಳಿದ ಆರನ್ನು ಬೇರೆ ಹೆಸರಿನಲ್ಲಿ ಹಾಕಿ ದುಡ್ಡು ಜೇಬಿಗೆ ಇಳಿಸಿದೆ. ಅವರಿಗೆ ಓದಲು ಬರುತ್ತಿರಲಿಲ್ಲ. ಮಗಳ ಸ್ಕೂಲ್ ಫೀಸು ಕಟ್ಟಬೇಕಿತ್ತು ಅಂತ ಆಗ ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಆದರೆ ಫೀಸು ಕಟ್ಟಿದ ಮೇಲೂ ಅದೇ ಬೇಸಿಗೆಯಲ್ಲಿ ಇನ್ನೂ ಎರಡು ಸಲ ಅದೇ ರೈತರಿಗೆ ಹಾಗೇ ಮಾಡಿದೆ. ಒಟ್ಟು 18 ಬಾಕ್ಸ್. ಬಾಕ್ಸಿಗೆ 110 ರೂಪಾಯಿಯಂತೆ 1,980 ರೂಪಾಯಿ.

ಆಮೇಲೆ ನಾನು ಮಾಡಿದ್ದನ್ನು ಲೇಖನ ಬರೆದವರು ಗಮನಿಸಬೇಕು. ನಾನು ‘ಹೇಗೂ ಯೇಸುವನ್ನು ನಂಬಿದ್ದೇನಲ್ಲ, ಪರವಾಗಿಲ್ಲ’ ಅಂತ ಆರಾಮಾಗಿ ಇರಲಿಲ್ಲ. ಪುಣ್ಯ ಮಾಡಲು ಶುರು ಮಾಡಿದೆ. ಮೊದಲು ಕಾಣಿಕೆ ತಟ್ಟೆಗೆ ಹತ್ತು ರೂಪಾಯಿ ಹಾಕುತ್ತಿದ್ದವನು ಐವತ್ತು ಹಾಕಿದೆ. ಶುಕ್ರವಾರ ಉಪವಾಸ ಹಿಡಿದೆ. ಚರ್ಚಿಗೆ ಎರಡು ಫ್ಯಾನ್ ಕೊಡಿಸಿದೆ. ಸಭೆಯಲ್ಲಿ ಯಾರಿಗೆ ಹುಷಾರಿಲ್ಲ ಅಂದರೂ ಮೊದಲು ಹೋಗಿ ನೋಡುತ್ತಿದ್ದವನು ನಾನೇ. ಎಲ್ಲರೂ ‘ಎಷ್ಟು ಒಳ್ಳೆಯ ಮನುಷ್ಯ’ ಅಂದರು. ಮನಸ್ಸಿನಲ್ಲಿ ಮಾತ್ರ ಒಂದು ಪುಸ್ತಕ ತೆರೆದೇ ಇತ್ತು. ಎಡಗಡೆ ಆ 18 ಬಾಕ್ಸ್. ಬಲಗಡೆ ನನ್ನ ಉಪವಾಸ, ಕಾಣಿಕೆ, ಫ್ಯಾನು. ದಿನಾ ಕೂಡಿಸಿ ಕಳೆಯುತ್ತಿದ್ದೆ. ಯಾವ ದಿನವೂ ಲೆಕ್ಕ ಸರಿ ಹೋಗಲಿಲ್ಲ. ಆ ರೈತರು ಆಮೇಲೂ ನಮ್ಮ ಮಂಡಿಗೇ ಮಾಲು ತರುತ್ತಿದ್ದರು. ಅವರ ಟೆಂಪೋ ಗೇಟಿನೊಳಗೆ ಬಂದರೆ ನಾನು ಎಣಿಸುವ ಕೆಲಸವನ್ನು ಬೇರೆ ಹುಡುಗನಿಗೆ ಕೊಟ್ಟು ಒಳಗೆ ಹೋಗಿಬಿಡುತ್ತಿದ್ದೆ.

ಹೀಗೆ ಎರಡು ವರ್ಷ ಹೋಯಿತು. 2009ರ ಏಪ್ರಿಲ್ 10 ಶುಭ ಶುಕ್ರವಾರ. ಆ ದಿನ ನಮ್ಮಲ್ಲಿ ಮಧ್ಯಾಹ್ನ ಹನ್ನೆರಡರಿಂದ ಮೂರರವರೆಗೆ ಆರಾಧನೆ ಇರುತ್ತದೆ. ಯೇಸು ಶಿಲುಬೆಯ ಮೇಲೆ ಆಡಿದ ಏಳು ಮಾತುಗಳ ಬಗ್ಗೆ ಸಭೆಯ ಏಳು ಜನ ಒಬ್ಬೊಬ್ಬರಾಗಿ ಮಾತಾಡುತ್ತಾರೆ. ಆ ವರ್ಷ ಅಯ್ಯನವರು, ಅಂದರೆ ನಮ್ಮ ಸಭೆಯ ಪಾದ್ರಿಗಳು, ನನಗೆ ಆರನೇ ಮಾತು ಕೊಟ್ಟರು. ಯೋಹಾನನ ಸುವಾರ್ತೆ, 19ನೇ ಅಧ್ಯಾಯ, 30ನೇ ವಚನ. ಕನ್ನಡ ಸತ್ಯವೇದದಲ್ಲಿ, ಅಂದರೆ ಬೈಬಲಿನಲ್ಲಿ, ಅದು ಒಂದೇ ಒಂದು ಪದ. ‘ತೀರಿತು.’

ಗುರುವಾರ ರಾತ್ರಿ ಊಟ ಆದ ಮೇಲೆ ತಯಾರಿ ಮಾಡಲು ಕೂತೆ. ಬರೆಯಲು ಕೈಗೆ ಸಿಕ್ಕಿದ್ದು ಮಂಡಿಯ ಹಳೆಯ ಪುಸ್ತಕದಿಂದ ಕಿತ್ತ ಒಂದು ಹಾಳೆ, ಕೆಂಪು ಗೆರೆ ಎಳೆದದ್ದು. ಅದರ ಮೇಲೆ ‘ತೀರಿತು’ ಅಂತ ಬರೆದೆ. ಬರೆದು ಅದನ್ನೇ ನೋಡುತ್ತಾ ಕೂತೆ. ನಮ್ಮ ಭಾಷೆಯಲ್ಲಿ ಸಾಲಕ್ಕೆ ಹೇಳುವ ಮಾತೂ ಅದೇ ಅಲ್ವಾ? ‘ಸಾಲ ತೀರಿತು.’ ಮಂಡಿ ಪುಸ್ತಕದಲ್ಲಿ ಬಾಕಿ ಮುಗಿದಾಗ ನಾವು ‘ಚುಕ್ತಾ’ ಅಂತ ಬರೆದು ಅಡ್ಡಗೆರೆ ಎಳೆಯುತ್ತೇವೆ. ಆ ಗೆರೆಯ ಕೆಳಗೆ ಮತ್ತೆ ಯಾರೂ ಏನೂ ಬರೆಯುವ ಹಾಗಿಲ್ಲ. ನಾನು ಎರಡು ವರ್ಷದಿಂದ ಆ ಗೆರೆಯ ಕೆಳಗೇ ಬರೆಯುತ್ತಾ ಇದ್ದೆ. ದೇವರಿಗೆ ಕಂತು ಕಟ್ಟುತ್ತಿದ್ದೆ. ಆತನ ಮಗ ಪೂರ್ತಿ ಕಟ್ಟಿ ‘ತೀರಿತು’ ಅಂದ ಸಾಲಕ್ಕೆ ನಾನು ಐವತ್ತು, ನೂರು ಅಂತ ಕಂತು ಕಟ್ಟುತ್ತಿದ್ದೆ.

ಆ ರಾತ್ರಿ ಇನ್ನೊಂದು ವಿಷಯವೂ ಕಣ್ಣಿಗೆ ಬಿತ್ತು. ದೇವರಿಗೆ ಕಂತು ಕಟ್ಟುವ ನೆಪದಲ್ಲಿ ನಾನು ಆ ರೈತರ ಬಾಕಿಯನ್ನು ಮರೆಸಿಬಿಟ್ಟಿದ್ದೆ. ಫ್ಯಾನ್ ಚರ್ಚಿಗೆ ಹೋಯಿತು, ಉಪವಾಸ ನನ್ನ ಹೆಸರಿಗೆ ಹೋಯಿತು. ಆ ಮನುಷ್ಯರಿಗೆ ಒಂದು ಪೈಸೆ ಹೋಗಿರಲಿಲ್ಲ. ದೇವರ ಹತ್ತಿರ ನನ್ನ ಲೆಕ್ಕ ತೀರಿದೆ ಅಂತ ನಂಬಿದ ಮೇಲೆ ಪುಸ್ತಕದಲ್ಲಿ ಉಳಿದದ್ದು ಒಂದೇ ಹೆಸರು, ಅವರದು. ಅಷ್ಟು ದಿನ ಆ ಪುಟ ನೋಡಲು ಹೆದರುತ್ತಿದ್ದೆ. ನೋಡಿದರೆ ನಾನು ನರಕಕ್ಕೆ ತಕ್ಕವನು ಅಂತ ಒಪ್ಪಿಕೊಳ್ಳಬೇಕಿತ್ತು. ಈಗ ಒಪ್ಪಿಕೊಂಡೆ, ಹೆದರದೆ ನೋಡಿದೆ. ತಕ್ಕವನು ಹೌದು. ಆದರೂ ಆತ ನನ್ನನ್ನು ಬಿಟ್ಟಿಲ್ಲ.

ನಮ್ಮ ಮನೆಯವರನ್ನು ಎಬ್ಬಿಸಿ ಎಲ್ಲಾ ಹೇಳಿದೆ. ಅವರು ಚೀಟಿ ಎತ್ತಿದ ದುಡ್ಡು ಅಕ್ಕಿ ಡಬ್ಬದಲ್ಲಿ ಇತ್ತು. ಈಸ್ಟರ್ ಕಳೆದು ಸೋಮವಾರ 4,000 ರೂಪಾಯಿ ತೆಗೆದುಕೊಂಡು ಬಸ್ಸಿನಲ್ಲಿ ಆ ಊರಿಗೆ ಹೋದೆ. ರೈತರು ತೋಟದಲ್ಲಿದ್ದರು. ಟೊಮೆಟೊ ಗಿಡಕ್ಕೆ ಕೋಲು ನೆಟ್ಟು ದಾರ ಕಟ್ಟುತ್ತಿದ್ದರು. ನಿಂತುಕೊಂಡೇ ಹೇಳಿದೆ, ಇಂಥ ಇಂಥ ದಿನ, ಆರು ಆರು ಬಾಕ್ಸ್, ಹೀಗೆ ಮಾಡಿದೆ ಅಂತ. ಅವರು ದಾರದ ಉಂಡೆಯನ್ನು ಕೈಯಿಂದ ಕೆಳಗಿಡಲಿಲ್ಲ. ‘ನಂಗೆ ಆವತ್ತೇ ಗೊತ್ತಿತ್ತು ರೈಟ್ರೇ’ ಅಂದರು. ‘ನಂಗೆ ಓದಕ್ಕೆ ಬರಲ್ಲ. ಎಣಿಸಕ್ಕೆ ಬರುತ್ತೆ.’

ಮತ್ತೆ ಯಾಕೆ ಕೇಳಲಿಲ್ಲ ಅಂದೆ. ಮಂಡಿ ಸಾಹುಕಾರರ ಹತ್ತಿರ ಬೀಜಕ್ಕೆ, ಗೊಬ್ಬರಕ್ಕೆ ಮುಂಗಡ ತಗೊಂಡಿದ್ದೆ, ಜಗಳ ಮಾಡಿ ಮುಂದಿನ ಸಲ ಮಾಲು ಎಲ್ಲಿ ಹಾಕಲಿ ಅಂದರು. ಆ ಮಾತು ಈಗ ಬರೆಯುವಾಗಲೂ ಚುಚ್ಚುತ್ತದೆ. ದುಡ್ಡು ಎಣಿಸಿಕೊಂಡು ಜೇಬಿಗೆ ಇಟ್ಟುಕೊಂಡರು. ‘ಆಯ್ತು, ಹೋಗಿ’ ಅಂದರು. ಕ್ಷಮಿಸಿದೆ ಅಂತ ಹೇಳಲಿಲ್ಲ. ಹೇಳಲೇಬೇಕು ಅಂತ ಕೇಳುವ ಹಕ್ಕು ನನಗೂ ಇರಲಿಲ್ಲ. ಮಾರನೇ ದಿನ ಸಾಹುಕಾರರಿಗೂ ಹೇಳಿದೆ. ಒಂದು ವರ್ಷ ನನ್ನನ್ನು ಪಟ್ಟಿ ಬರೆಯುವುದರಿಂದ ತೆಗೆದು ಖಾಲಿ ಕ್ರೇಟ್ ಎಣಿಸಲು ಹಾಕಿದರು. ಸಂಬಳವೂ ಕಡಿಮೆಯಾಯಿತು. ಅದು ನ್ಯಾಯವೇ.

ಲೂಕನ ಸುವಾರ್ತೆಯ 19ನೇ ಅಧ್ಯಾಯದಲ್ಲಿ ಜಕ್ಕಾಯ ಅನ್ನುವ ಸುಂಕ ವಸೂಲಿಯವನ ಕಥೆ ಇದೆ. ಜನರಿಂದ ಕಿತ್ತು ತಿಂದವನು. ಕುಳ್ಳಗಿದ್ದ, ಗುಂಪಿನಲ್ಲಿ ಯೇಸು ಕಾಣಿಸಲಿಲ್ಲ, ಮರ ಹತ್ತಿ ಕೂತ. ಯೇಸು ಮರದ ಕೆಳಗೆ ನಿಂತು, ಇಳಿದು ಬಾ, ನಾನು ಈ ಹೊತ್ತು ನಿನ್ನ ಮನೆಯಲ್ಲೇ ಉಳಿಯಬೇಕು ಅಂದ. ‘ಮೊದಲು ದುಡ್ಡು ವಾಪಸ್ ಕೊಡು, ಆಮೇಲೆ ಮನೆಗೆ ಬರುತ್ತೇನೆ’ ಅನ್ನಲಿಲ್ಲ. ಮೊದಲು ಮನೆಗೆ ಬಂದ. ಜಕ್ಕಾಯ ಎದ್ದು ನಿಂತು, ಮೋಸ ಮಾಡಿ ತಗೊಂಡದ್ದನ್ನು ನಾಲ್ಕರಷ್ಟು ಕೊಡುತ್ತೇನೆ ಅಂದದ್ದು ಆಮೇಲೆ. (ನಾಲ್ಕರಷ್ಟು ಕೊಡುವ ಶಕ್ತಿ ನನಗಿರಲಿಲ್ಲ, ಎರಡರಷ್ಟು ಕೊಟ್ಟೆ.) ಯಾವುದು ಮೊದಲು, ಯಾವುದು ಆಮೇಲೆ ಅನ್ನುವುದರಲ್ಲೇ ನಮ್ಮ ನಂಬಿಕೆಯೆಲ್ಲಾ ಇದೆ. ಅದನ್ನು ತಿರುಗಿಸಿ ಹಾಕಿದರೆ ನಮ್ಮ ಸುವಾರ್ತೆ ಸುವಾರ್ತೆಯಾಗಿ ಉಳಿಯುವುದಿಲ್ಲ.

ಹಾಗಾದರೆ ದೇವರು ತಪ್ಪನ್ನು ಸುಮ್ನೆ ‘ಹೋಗಲಿ ಬಿಡು’ ಅಂತ ಬಿಟ್ಟುಬಿಡುತ್ತಾನಾ? ಇಲ್ಲ. ಇಲ್ಲಿ ನಮ್ಮವರಲ್ಲೇ ಕೆಲವರು ಎಡವುತ್ತಾರೆ. ದೇವರು ಪ್ರೀತಿ, ಅದಕ್ಕೇ ಆತ ಯಾವ ಪಾಪವನ್ನೂ ಲೆಕ್ಕಕ್ಕೆ ಇಡುವುದಿಲ್ಲ ಅಂತ ಬೋಧಿಸುವವರನ್ನು ಕೇಳಿದ್ದೇನೆ. ಕೇಳಲು ಹಿತವಾಗಿರುತ್ತದೆ. ಆದರೆ ಆ ಶ್ರೀನಿವಾಸಪುರದ ರೈತರ ಮುಂದೆ ನಿಂತು ಆ ಮಾತು ಹೇಳಲು ಆಗುತ್ತಾ? 18 ಬಾಕ್ಸ್ ಲೆಕ್ಕಕ್ಕೇ ಇಲ್ಲ ಅನ್ನುವ ದೇವರು ಅವರ ಪಾಲಿಗೆ ಪ್ರೀತಿಯ ದೇವರಾಗುವುದು ಹೇಗೆ? ಸಾಹುಕಾರ ಯಾರದೋ ಬಾಕಿ ಬಿಟ್ಟರೆ ಆ ನಷ್ಟ ಎಲ್ಲಿಗೂ ಮಾಯವಾಗುವುದಿಲ್ಲ, ಅವನ ಗಂಟಿನಿಂದಲೇ ಹೋಗುತ್ತದೆ. ಯಾರಾದರೂ ಕಟ್ಟಲೇಬೇಕು. ಶಿಲುಬೆಯ ಮೇಲೆ ನಡೆದದ್ದು ಅದೇ. ನಮ್ಮ ಮೇಲಿದ್ದ ಸಾಲಪತ್ರವನ್ನು ದೇವರು ಶಿಲುಬೆಗೆ ಮೊಳೆ ಹೊಡೆದು ರದ್ದು ಮಾಡಿದ ಅಂತ ಯೇಸುವಿನ ಅಪೊಸ್ತಲ ಪೌಲ ಕೊಲೊಸ್ಸೆಯವರಿಗೆ ಬರೆದ ಪತ್ರಿಕೆಯ 2ನೇ ಅಧ್ಯಾಯದಲ್ಲಿ ಹೇಳುತ್ತಾನೆ. ನನ್ನ ಪಾಪಕ್ಕೆ ಬರಬೇಕಾದ ಶಿಕ್ಷೆಯನ್ನು ದೇವರು ತನ್ನ ಮಗನ ಮೇಲೆ ಹೊರಿಸಿದ, ಮಗ ಮನಸ್ಸಾರೆ ಹೊತ್ತ. ದೇವರ ಪ್ರೀತಿ ಅಂದರೆ ನಾವು ಅರ್ಥ ಮಾಡಿಕೊಳ್ಳುವುದು ಇದನ್ನೇ. ಅದೂ ನಾವು ಒಳ್ಳೆಯವರಾದ ಮೇಲೆ ಅಲ್ಲ, ಇನ್ನೂ ಪಾಪಿಗಳಾಗಿದ್ದಾಗಲೇ. ರೋಮಾಪುರದವರಿಗೆ ಬರೆದ ಪತ್ರಿಕೆ, 5ನೇ ಅಧ್ಯಾಯ, 8ನೇ ವಚನ.

ಇನ್ನು ‘ನಂಬಿದರೆ ಸಾಕು’ ಅನ್ನುವ ಮಾತಿಗೆ ಬರುತ್ತೇನೆ. ನಂಬುವುದು ಅಂದರೆ ದೇವರಿದ್ದಾನೆ ಅಂತ ಒಪ್ಪಿಕೊಳ್ಳುವುದಷ್ಟೇ ಅಂತ ಲೇಖಕರು ತಿಳಿದಂತಿದೆ. ಅಷ್ಟಾದರೆ ದೆವ್ವಗಳೂ ನಂಬುತ್ತವೆ, ನಂಬಿ ನಡುಗುತ್ತವೆ ಅಂತ ಯಾಕೋಬನ ಪತ್ರಿಕೆಯೇ ಹೇಳುತ್ತದೆ. ಮಂಡಿಯಲ್ಲಿ ಈ ಪದವನ್ನು ನಾನು ದಿನಾ ಕೇಳುತ್ತಿದ್ದೆ. ರೈತ ಟೆಂಪೋದಿಂದ ಇಳಿದು ‘ನಿಮ್ಮನ್ನೇ ನಂಬ್ಕೊಂಡು ಬಂದಿದ್ದೀನಿ ಸಾಹುಕಾರ್ರೇ’ ಅನ್ನುತ್ತಿದ್ದ. ಮಂಡಿ ಅಂತ ಒಂದು ಇದೆ ಅಂತ ಗೊತ್ತಿದೆ ಅನ್ನುವುದು ಅದರ ಅರ್ಥ ಅಲ್ಲ. ನನ್ನ ಮಾಲು, ನನ್ನ ವರ್ಷ, ನನ್ನ ಮನೆಯವರ ಊಟ ಎಲ್ಲಾ ನಿಮ್ಮ ಕೈಗೆ ಹಾಕಿದ್ದೇನೆ, ನನಗೆ ಬೇರೆ ದಾರಿ ಇಲ್ಲ ಅನ್ನುವುದು ಅರ್ಥ. ಯೇಸುವನ್ನು ನಂಬುವುದು ಅಂದರೆ ಅದೇ. ಆ ನಂಬಿಕೆಯೂ ನಾವು ಕೊಡುವ ಬೆಲೆ ಅಲ್ಲ. ಕೊಟ್ಟದ್ದನ್ನು ಇಸ್ಕೊಳ್ಳಲು ಚಾಚಿದ ಕೈ ಅಷ್ಟೇ. ಮಂಡಿಯಲ್ಲಿ ಹಾಗೆ ನಂಬಿ ಬಂದವರಿಗೆ ಮೋಸ ಆದದ್ದನ್ನು ನೋಡಿದ್ದೇನೆ, ಮಾಡಿದ್ದೇನೆ ಕೂಡ. ಯೇಸುವಿನಲ್ಲಿ ನನಗೆ ಈವರೆಗೆ ಮೋಸ ಆಗಿಲ್ಲ.

ಕಂತು ಕಟ್ಟಿ ಸೋತವನು ನಾನೊಬ್ಬನೇ ಅಲ್ಲ. 1517ರ ಅಕ್ಟೋಬರ್ 31ರಂದು ಜರ್ಮನಿಯ ವಿಟೆನ್‌ಬರ್ಗ್‌ನಲ್ಲಿ 95 ವಾದಗಳನ್ನು ಮುಂದಿಟ್ಟು ಪ್ರೊಟೆಸ್ಟೆಂಟ್ ಚಳವಳಿಗೆ ನಾಂದಿ ಹಾಡಿದ ಮಾರ್ಟಿನ್ ಲೂಥರ್ ಸನ್ಯಾಸಿ ಮಠದಲ್ಲಿ ಉಪವಾಸ, ಜಾಗರಣೆ ಎಲ್ಲಾ ಮಾಡಿದವನು. ನೀತಿವಂತನು ನಂಬಿಕೆಯಿಂದಲೇ ಬದುಕುತ್ತಾನೆ ಅನ್ನುವ ವಚನ ಹಿಡಿದ ಮೇಲೇ ಅವನಿಗೆ ನೆಮ್ಮದಿ ಸಿಕ್ಕಿದ್ದು. ನಮ್ಮ ಮೆಥೋಡಿಸ್ಟ್ ಸಭೆಯ ಮೂಲಪುರುಷ ಜಾನ್ ವೆಸ್ಲಿಯ ಕಥೆ ನನಗೆ ಇನ್ನೂ ಹತ್ತಿರ. ಅವನು ಪಾದ್ರಿಯಾಗಿದ್ದವನು. ಆಕ್ಸ್‌ಫರ್ಡ್‌ನಲ್ಲಿದ್ದಾಗ ಜೈಲಿಗೆ ಹೋಗಿ ಕೈದಿಗಳನ್ನು ನೋಡುತ್ತಿದ್ದ, ವಾರಕ್ಕೆ ಇಷ್ಟು ದಿನ ಅಂತ ಉಪವಾಸ ಇರುತ್ತಿದ್ದ, ದಿನದ ಗಂಟೆ ಗಂಟೆಯ ಲೆಕ್ಕ ಡೈರಿಯಲ್ಲಿ ಬರೆದಿಡುತ್ತಿದ್ದ. ಮಿಷನರಿಯಾಗಿ ಅಮೆರಿಕಕ್ಕೂ ಹೋಗಿ ಬಂದ. ಅಷ್ಟಾದರೂ ನಾನು ದೇವರಿಗೆ ಸೇರಿದವನು ಅನ್ನುವ ಧೈರ್ಯ ಬರಲಿಲ್ಲ. 1738ರ ಮೇ 24ರ ಸಂಜೆ ಲಂಡನ್ನಿನ ಆಲ್ಡರ್ಸ್‌ಗೇಟ್ ಬೀದಿಯ ಒಂದು ಕೂಟದಲ್ಲಿ, ರೋಮಾಪುರದವರ ಪತ್ರಿಕೆಗೆ ಲೂಥರ್ ಬರೆದ ಮುನ್ನುಡಿಯನ್ನು ಯಾರೋ ಓದುತ್ತಿದ್ದರು. ಅದನ್ನು ಕೇಳುತ್ತಾ ಕೂತಾಗ ತನ್ನ ಎದೆ ಬೆಚ್ಚಗಾಯಿತು, ಕ್ರಿಸ್ತ ನನ್ನ ಪಾಪಗಳನ್ನೇ ತೆಗೆದಿದ್ದಾನೆ ಅನ್ನುವ ಭರವಸೆ ಬಂತು ಅಂತ ಅವನೇ ಬರೆದಿಟ್ಟಿದ್ದಾನೆ. ಆಮೇಲೆ ಅವನು ಕೈಕಟ್ಟಿ ಕೂತನಾ? ಕುದುರೆಯ ಮೇಲೆ ಊರೂರು ಸುತ್ತಿದ, ಬಡವರಿಗೆ ಔಷಧಿ ಕೊಟ್ಟ, ಗುಲಾಮರ ವ್ಯಾಪಾರದ ವಿರುದ್ಧ ಬರೆದ.

ಒಂದು ತಪ್ಪು ನಮ್ಮ ಕಡೆಯಿಂದಲೂ ಇದೆ. ದೊಡ್ಡ ಸ್ಟೇಜ್ ಹಾಕಿ, ಇಷ್ಟು ಸಾವಿರ ಕಾಣಿಕೆ ಹಾಕಿದರೆ ದೇವರು ಹತ್ತರಷ್ಟು ಕೊಡುತ್ತಾನೆ ಅಂತ ಮೈಕಿನಲ್ಲಿ ಕೂಗುವವರು ಈಗ ಜಾಸ್ತಿಯಾಗಿದ್ದಾರೆ. ಅದನ್ನು ಕೇಳಿದವರು ಕ್ರೈಸ್ತರ ದೇವರು ವ್ಯಾಪಾರಿ ಅಂದುಕೊಂಡರೆ ಅವರನ್ನು ದೂರಲಾರೆ. ಆದರೆ ಅದು ನಮ್ಮ ಹಿರಿಯರು ಕಲಿಸಿದ್ದಲ್ಲ, ಸತ್ಯವೇದದಲ್ಲಿ ಇರುವುದೂ ಅಲ್ಲ.

ಲೇಖಕರು ಎತ್ತಿದ ಇನ್ನೊಂದು ಪ್ರಶ್ನೆ, ಬದುಕೆಲ್ಲಾ ಕೆಟ್ಟವನಾಗಿದ್ದು ಸಾಯುವ ಹೊತ್ತಿಗೆ ನಂಬಿದವನಿಗೂ ಅದೇ ಸ್ವರ್ಗವಾ ಅನ್ನುವುದು. ನ್ಯಾಯವಾದ ಪ್ರಶ್ನೆ. ಮತ್ತಾಯನ ಸುವಾರ್ತೆಯ 20ನೇ ಅಧ್ಯಾಯದಲ್ಲಿ ದ್ರಾಕ್ಷಿ ತೋಟದ ಯಜಮಾನನ ಕಥೆ ಇದೆ. ಬೆಳಗ್ಗೆ ಬಂದ ಕೂಲಿಯವರಿಗೂ ಸಂಜೆ ಒಂದು ಗಂಟೆ ದುಡಿದವರಿಗೂ ಒಂದೇ ಕೂಲಿ ಕೊಟ್ಟ. ಮೊದಲಿನವರು ಗೊಣಗಿದರು. ಚಿಕ್ಕಂದಿನಲ್ಲಿ ನನಗೂ ಇದು ಸರಿ ಅನ್ನಿಸುತ್ತಿರಲಿಲ್ಲ. ಆದರೆ ಬೆಳಗ್ಗೆ ಯಾರ್ಡಿಗೆ ಹೋಗುವಾಗ ಕೂಲಿಗೆ ನಿಂತವರನ್ನು ವರ್ಷಗಟ್ಟಲೆ ನೋಡಿದೆ. ಗಟ್ಟಿಮುಟ್ಟಾದ ಹುಡುಗರನ್ನು ಮೊದಲು ಕರೆದುಕೊಂಡು ಹೋಗುತ್ತಾರೆ. ಬಿಸಿಲೇರಿದರೂ ನಿಂತೇ ಇರುವವರು ವಯಸ್ಸಾದವರು, ಕೈಗೆ ಪೆಟ್ಟಾದವರು, ಊಟದ ಡಬ್ಬವನ್ನು ಸೆರಗಿನಲ್ಲಿ ಮುಚ್ಚಿಕೊಂಡ ಅಜ್ಜಿಯರು. ಕಥೆಯ ಯಜಮಾನ ಸಂಜೆ ನಿಂತವರನ್ನು ಯಾಕೆ ಇಲ್ಲೇ ಇದ್ದೀರಿ ಅಂದಾಗ, ನಮ್ಮನ್ನು ಯಾರೂ ಕರೆಯಲಿಲ್ಲ ಅನ್ನುತ್ತಾರೆ. ಆ ಒಂದು ಮಾತು ಅರ್ಥವಾದ ಮೇಲೆ ನಾನು ಗೊಣಗುವುದನ್ನು ಬಿಟ್ಟೆ. ನಾನು ಬೆಳಗ್ಗೆ ಬಂದ ಕೂಲಿ ಅಂದುಕೊಂಡಿದ್ದೆ. ಸಂಜೆ ನಿಂತಿದ್ದವನೇ ನಾನು.

ಯಾರ ಮತವನ್ನೂ ಬದಲಾಯಿಸಲು ಈ ಪತ್ರ ಬರೆದಿಲ್ಲ. ಹಾಗಂತ ನಾನು ನಂಬಿದ್ದನ್ನು ನೀರು ಬೆರೆಸಿ ಹೇಳಲೂ ಆರೆ. ಯೇಸು ಕ್ರಿಸ್ತನ ಹೊರತು ನನಗೆ ಬೇರೆ ರಕ್ಷಣೆ ಇಲ್ಲ. ನನ್ನ ಯಾವ ಒಳ್ಳೆಯ ಕೆಲಸವೂ ಆತನ ಮುಂದೆ ಚಲಾವಣೆ ಆಗುವುದಿಲ್ಲ.

ಲೇಖಕರಲ್ಲಿ ಒಂದು ವಿನಂತಿ ಇದೆ. ಎಫೆಸದವರ ಪತ್ರಿಕೆಯ 2ನೇ ಅಧ್ಯಾಯದ 8, 9ನೇ ವಚನ ಕೊಟ್ಟು ಅಲ್ಲಿಗೇ ನಿಲ್ಲಿಸಿದ್ದೀರಿ. ರಕ್ಷಣೆ ಕೃಪೆಯಿಂದ, ನಂಬಿಕೆಯ ಮೂಲಕ, ಕೆಲಸದಿಂದ ಬಂದದ್ದಲ್ಲ ಅಂತ ಅವು ಹೇಳುವುದು ನಿಜ. ಅದರ ಮುಂದಿನ 10ನೇ ವಚನ, ನಮ್ಮನ್ನು ಒಳ್ಳೆಯ ಕೆಲಸಗಳಿಗಾಗಿಯೇ ದೇವರು ಕ್ರಿಸ್ತನಲ್ಲಿ ಸೃಷ್ಟಿಸಿದ್ದಾನೆ ಅನ್ನುತ್ತದೆ. ಮುಂದೆ ಎಲ್ಲಾದರೂ ಈ ವಿಷಯ ಬರೆದರೆ ದಯವಿಟ್ಟು ಆ ಮೂರನ್ನೂ ಒಟ್ಟಿಗೆ ಕೊಡಿ. ನಿಮ್ಮ ಹತ್ತಿರ ಸತ್ಯವೇದ ಇಲ್ಲದಿದ್ದರೆ ನನ್ನದನ್ನು ಕಳಿಸಿಕೊಡುತ್ತೇನೆ. ಹಳೆಯದು, ರಟ್ಟು ಬಿಟ್ಟಿದೆ, ಆದರೆ ಅಕ್ಷರ ದಪ್ಪವಾಗಿದೆ. ಯೋಹಾನ 19ನೇ ಅಧ್ಯಾಯದ ಹತ್ತಿರ ಕೆಂಪು ಗೆರೆಯ ಒಂದು ಹಾಳೆ ಇಟ್ಟಿದ್ದೇನೆ, ಅದನ್ನು ಮಾತ್ರ ಅಲ್ಲೇ ಇರಲು ಬಿಡಿ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ನಿವೃತ್ತ ಮಂಡಿ ರೈಟರ್
ಕೋಲಾರ